ಗಂಜಿ ಬಿಡಿಸಿಯೇ ಬಟ್ಟೆ ಎತ್ತಿಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಹೊಲಿಗೆ ತರಗತಿಗಳಲ್ಲಿ ಬಟ್ಟೆ ಕತ್ತರಿಸಲು ಕಲಿಸುತ್ತಾರೆ, ಕಾಪಾಡಲು ಕಲಿಸುವುದಿಲ್ಲ. ಕಾಸರಗೋಡಿನ ಜೂನ್, ಜುಲೈ ಮಳೆಗೆ ಕಪಾಟಿನೊಳಗಿನ ಹತ್ತಿ ಬಟ್ಟೆಗೂ ಬೂಷ್ಟು ಬರುತ್ತದೆ. ಗಂಜಿಯಿರುವ ಹೊಸ ಬಟ್ಟೆಗಂತೂ ಹುಳಗಳ ಕಾಟ ಹೆಚ್ಚು. ಮಡಿಕೆಯ ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತುಗಳು. ನಾನು ತಂದ ಕೂಡಲೇ ನೆನೆಸಿ, ಗಂಜಿ ಬಿಡಿಸಿ, ಪೂರ್ತಿ ಒಣಗಿಸಿಯೇ ಎತ್ತಿಡುತ್ತೇನೆ. ಕುಗ್ಗುವಷ್ಟು ಆಗಲೇ ಕುಗ್ಗಿಬಿಡುತ್ತದೆ. ತೇವ ಹಿಡಿದಿಡುವ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಗೆದ ಹಳೆಯ ಮುಂಡು ಸುತ್ತಿದರೆ ಸಾಕು. ಉದ್ದ, ಅಗಲ ಬರೆದ ಚೀಟಿಯನ್ನು ಅಂಚಿಗೆ ನೂಲಿನಿಂದ ಹೊಲಿಯಿರಿ. ಗುಂಡುಸೂಜಿಯ ತುಕ್ಕಿನ ಕಲೆ ಸುಲಭಕ್ಕೆ ಹೋಗದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೈಮಗ್ಗದ ಸೀರೆ ನೇಯುವ ಜಿಲ್ಲೆ ನಮ್ಮದು. ಇಲ್ಲಿನ ಹೊಲಿಗೆ ತರಬೇತಿಯಲ್ಲಿ ಬಟ್ಟೆ ಸಂಗ್ರಹಕ್ಕೂ ಒಂದು ಪಾಠ ಸೇರಿಸಬೇಕೆಂದು ವಿನಂತಿ.

– ಓರ್ವ ಗೃಹಿಣಿ, ಬದಿಯಡ್ಕ