ರಿಯಾಯಿತಿ ಬೋರ್ಡು ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವ್ಯಾಪಾರ ಸ್ವಲ್ಪ ಡಲ್ಲಾದರೆ ಸಣ್ಣ ಮಾರಾಟಗಾರರು, ಕೈಕೆಲಸದವರು ಮೊದಲು ಕೈ ಹಾಕುವುದು ಬೆಲೆಗೇ. ಇದು ಎಷ್ಟು ದುಬಾರಿ ಹೆಜ್ಜೆ ಎಂಬ ಲೆಕ್ಕವನ್ನು ಬಹಳ ಮಂದಿ ಹಾಕಿ ನೋಡಿರುವುದಿಲ್ಲ. ಮಾರುವ ಬೆಲೆ 100, ಅಸಲು 60 ಎಂದಿಟ್ಟುಕೊಳ್ಳಿ. ಶೇ 10ರಷ್ಟು ರಿಯಾಯಿತಿ ಕೊಟ್ಟರೆ ಸಿಗುತ್ತಿದ್ದ 40ರ ಜಾಗದಲ್ಲಿ 30 ಉಳಿಯುತ್ತದೆ. ಮೊದಲು 100 ವಸ್ತು ಮಾರಿ ಗಳಿಸುತ್ತಿದ್ದಷ್ಟನ್ನೇ ಈಗ ಗಳಿಸಲು 134 ಮಾರಬೇಕು. ಶೇ 20 ಇಳಿಸಿದರೆ ಮಾರಾಟ ಎರಡು ಪಟ್ಟಾಗಬೇಕು. ಇಷ್ಟು ತೆರಲು ಹೊರಡುವ ಮುನ್ನ ಖರ್ಚೇ ಇಲ್ಲದ ಒಂದು ಕೆಲಸ ಬಾಕಿ ಇರುತ್ತದೆ: ನಮ್ಮ ವಸ್ತು ಯಾವುದರ ಪಕ್ಕದಲ್ಲಿ, ಯಾವ ಕ್ರಮದಲ್ಲಿ, ಎಂಥ ಬೆಳಕಿನಲ್ಲಿ ಗಿರಾಕಿಯ ಕಣ್ಣಿಗೆ ಬೀಳುತ್ತಿದೆ ಎಂದು ನೋಡುವುದು.

‘ಮಾಲು ಚೆನ್ನಾಗಿದ್ದರೆ ಬೆಲೆ ತಾನಾಗಿ ಬರುತ್ತದೆ’ ಎಂಬ ಮಾತಿದೆ. ಅರ್ಧ ಮಾತ್ರ ನಿಜ. 2013ರ ಅಕ್ಟೋಬರ್ 13ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿ ಒಬ್ಬ ವೃದ್ಧರು ಬೀದಿಬದಿ ಅಂಗಡಿ ಹಾಕಿ, ಒಂದಕ್ಕೆ 60 ಡಾಲರಿನಂತೆ ಚಿತ್ರಗಳನ್ನು ಮಾರಲು ಕುಳಿತರು. ಅವು ಜಗತ್ತಿನಾದ್ಯಂತ ಹೆಸರಾದ ಬೀದಿ ಚಿತ್ರಕಲಾವಿದ ಬ್ಯಾಂಕ್ಸಿಯ ಅಸಲಿ ಕೃತಿಗಳು. ಹಾಗೆಂದು ಬೋರ್ಡೇನೂ ಹಾಕಿರಲಿಲ್ಲ. ಗಂಟೆಗಟ್ಟಲೆ ಕಾದ ಮೇಲೆ ಬಂದ ಮೊದಲ ಗಿರಾಕಿ ಚೌಕಾಶಿ ಮಾಡಿ ಎರಡು ಚಿತ್ರಗಳನ್ನು ಅರ್ಧ ಬೆಲೆಗೆ ಒಯ್ದರು. ದಿನದ ಒಟ್ಟು ವ್ಯಾಪಾರ 420 ಡಾಲರ್. ಅಲ್ಲಿ ಬಿಕರಿಯಾದ ಎರಡು ಚಿತ್ರಗಳು ಮರುವರ್ಷ ಲಂಡನ್ನಿನ ಹರಾಜಿನಲ್ಲಿ ಒಟ್ಟು ಒಂದು ಲಕ್ಷ ಪೌಂಡಿಗೂ ಹೆಚ್ಚು ತಂದವು. ದಾರಿಹೋಕರಿಗೆ ರುಚಿ ಇರಲಿಲ್ಲ ಎನ್ನುವುದು ಅನ್ಯಾಯ. ಫುಟ್‌ಪಾತಿನ ಅಂಗಡಿಯಲ್ಲಿ ಹೋಲಿಸಿ ನೋಡಲು ಅವರಿಗೆ ಸಿಕ್ಕಿದ್ದು ಪಕ್ಕದ ಫುಟ್‌ಪಾತಿನ ಮಾಲು ಮಾತ್ರ.

ಒಳ್ಳೆಯ ಜಾಗದಲ್ಲಿ ಹೆಚ್ಚು ತೆರುವುದು ಅಲ್ಲಿನ ಸೌಕರ್ಯಕ್ಕೆ ಎಂದು ಕೆಲವರು ವಾದಿಸಬಹುದು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಪ್ರಕಟಿಸಿದ ಪ್ರಶ್ನೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಬಿಸಿಲಲ್ಲಿ ಕಡಲ ದಂಡೆಯ ಮೇಲೆ ಮಲಗಿದ್ದೀರಿ, ಗೆಳೆಯ ಬಿಯರ್ ತಂದುಕೊಡುತ್ತೇನೆ ಎನ್ನುತ್ತಾನೆ, ಎಷ್ಟರವರೆಗೆ ಕೊಡುತ್ತೀರಿ? ದೊಡ್ಡ ರೆಸಾರ್ಟ್ ಹೋಟೆಲಿನಿಂದ ತರುವುದಾದರೆ ಉತ್ತರಗಳ ಮಧ್ಯದ ಮೊತ್ತ 2.65 ಡಾಲರ್; ಹಳೆಯ ಸಣ್ಣ ದಿನಸಿ ಅಂಗಡಿಯಿಂದಾದರೆ 1.50. ಬಾಟಲಿ ಅದೇ, ಕುಡಿಯುವುದು ಅದೇ ಮರಳಿನ ಮೇಲೆ. ಹೋಟೆಲಿನ ಕುರ್ಚಿಯನ್ನಾಗಲಿ ತಂಪನ್ನಾಗಲಿ ಯಾರೂ ಅನುಭವಿಸುತ್ತಿಲ್ಲ. ಆದರೂ ‘ಅಂಥ ಕಡೆ ಅಷ್ಟು ಇರುತ್ತೆ ಬಿಡು’ ಎಂಬ ನಿರೀಕ್ಷೆಯೇ ಬೆಲೆಯನ್ನು ಒಪ್ಪಿಸಿಬಿಡುತ್ತದೆ.

ಇನ್ನು ಕೆಲಸಕ್ಕೆ ಬರುವ ವಿಷಯ. ಮೊದಲು ಮಾಡಬೇಕಾದ್ದು ಸೇರಿಸುವುದಲ್ಲ, ತೆಗೆಯುವುದು. ಕ್ರಿಸ್ಟೊಫರ್ ಶೀ 1998ರಲ್ಲಿ ಪ್ರಕಟಿಸಿದ ಊಟದ ಪಾತ್ರೆಗಳ ಪ್ರಯೋಗವನ್ನು ಮಾರಾಟ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಒಂದು ಸೆಟ್ಟಿನಲ್ಲಿ 24 ಪಾತ್ರೆ: ಮೂರು ಬಗೆಯ ತಟ್ಟೆ ಬಟ್ಟಲು, ತಲಾ ಎಂಟು, ಎಲ್ಲವೂ ಸರಿಯಾಗಿವೆ. ಇನ್ನೊಂದರಲ್ಲಿ 40: ಅವೇ 24, ಜೊತೆಗೆ 8 ಕಪ್ಪು, 8 ಸಾಸರ್, ಆದರೆ ಎರಡು ಕಪ್ಪು ಮತ್ತು ಏಳು ಸಾಸರ್ ಒಡೆದಿವೆ. ಅಂದರೆ ಎರಡನೆಯದರಲ್ಲಿ ಮೊದಲಿನದೆಲ್ಲ ಇದ್ದು, ಮೇಲೆ ಏಳು ಒಳ್ಳೆಯ ಪಾತ್ರೆಗಳೂ ಇವೆ. ಎರಡನ್ನೂ ಅಕ್ಕಪಕ್ಕ ಕಂಡವರು 40ರ ಸೆಟ್ಟಿಗೆ ಸ್ವಲ್ಪ ಹೆಚ್ಚೇ ಕೊಟ್ಟರು. ಒಂದನ್ನಷ್ಟೇ ಕಂಡವರಲ್ಲಿ ಲೆಕ್ಕ ತಲೆಕೆಳಗಾಯಿತು: 24ರ ಸೆಟ್ಟಿಗೆ ಸರಾಸರಿ 33 ಡಾಲರ್, 40ರ ಸೆಟ್ಟಿಗೆ ಬರೀ 23. ಒಂಟಿಯಾಗಿ ನೋಡುವವರಿಗೆ 31 ಎಂಬುದು ಹೆಚ್ಚೋ ಕಡಿಮೆಯೋ ಗೊತ್ತಾಗುವುದಿಲ್ಲ. ಒಡೆದದ್ದು ಮಾತ್ರ ತಟ್ಟನೆ ಗೊತ್ತಾಗುತ್ತದೆ.

ಆದ್ದರಿಂದ ಷೆಲ್ಫಿನಿಂದ ಮುಕ್ಕಾದದ್ದು, ಗೀರು ಬಿದ್ದದ್ದು, ಬಿಸಿಲಿಗೆ ಬಣ್ಣ ಮಾಸಿದ್ದು ಎಲ್ಲವನ್ನೂ ಇಳಿಸಿ. ಅವನ್ನು ಬೇರೆ ಕಡೆ, ಊನ ಇದೆ ಎಂದು ಹೇಳಿಯೇ ಮಾರಿ. ಅವು ಒಳ್ಳೆಯ ಮಾಲಿನ ಪಕ್ಕ ಇದ್ದಷ್ಟು ದಿನ ಒಳ್ಳೆಯದರ ಬೆಲೆಯನ್ನೇ ಕೆಳಗೆಳೆಯುತ್ತವೆ. ‘ಜೊತೆಗೆ ಇದು ಉಚಿತ’ ಎಂದು ಕಳಪೆ ಸಾಮಾನು ಸೇರಿಸುವುದೂ ಇದೇ ತಪ್ಪು.

ಬೆಳಕಿನ ವಿಷಯದಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಹಳದಿ ಬಲ್ಬು, ಬಿಳಿ ಟ್ಯೂಬು ಎರಡನ್ನೂ ಬೆರೆಸುವುದು. ಒಂದೇ ಬಟ್ಟೆ ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು ಬಣ್ಣ ಕಾಣುತ್ತದೆ, ಗಿರಾಕಿ ಅದನ್ನು ಹಿಡಿದುಕೊಂಡು ಬಾಗಿಲ ಬಳಿ ಹೋಗುತ್ತಾರೆ. ಒಂದು ಕೋಣೆಗೆ ಒಂದೇ ಬಗೆಯ ಬೆಳಕಿರಲಿ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುತ್ತದೆ, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು. ಬಟ್ಟೆ, ಚಿತ್ರ, ಮರದ ವಸ್ತುಗಳಿಗೆ 90ಕ್ಕಿಂತ ಕಡಿಮೆಯದು ಬೇಡ. ಗೋಡೆಯ ಚಿತ್ರಕ್ಕೆ ದೀಪವನ್ನು ನೇರ ಕೆಳಮುಖದಿಂದ ಸುಮಾರು 30 ಡಿಗ್ರಿ ಓರೆಯಾಗಿಸಿ. ಅದಕ್ಕಿಂತ ಓರೆಯಾದರೆ ಗಾಜಿನಲ್ಲಿ ದೀಪವೇ ಪ್ರತಿಫಲಿಸುತ್ತದೆ, ನೆಟ್ಟಗಾದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ ಬೀಳುತ್ತದೆ. ಫೋಟೊದಲ್ಲಿ ಮಾರುವವರು ವಸ್ತುವಿನ ಜೊತೆ ಒಂದು ಕೈಯನ್ನಾದರೂ ತೋರಿಸಿ. ಗಾತ್ರ ತಿಳಿಯದ ವಸ್ತು ಹೆಚ್ಚಾಗಿ ವಾಪಸ್ ಬರುತ್ತದೆ.

ಕೆಲಸ ಒಪ್ಪಿಕೊಳ್ಳುವವರಿಗೆ ಕೊಟೇಶನ್ನೇ ಷೋಕೇಸು. ಒಂದೇ ಮೊತ್ತ ಬರೆದು ಕೊಟ್ಟರೆ ಗಿರಾಕಿಯ ಮುಂದಿರುವ ಪ್ರಶ್ನೆ ‘ಬೇಕೋ ಬೇಡವೋ’. ಮೂರು ಬಗೆ ಬರೆದರೆ ಪ್ರಶ್ನೆ ‘ಯಾವುದು’ ಎಂದಾಗುತ್ತದೆ. ಮೂರನೆಯ ಆಯ್ಕೆ ಬಂದಾಗ ಜನ ನಡುವಿನದರತ್ತ ವಾಲುತ್ತಾರೆ ಎಂಬುದನ್ನು ಇಟಾಮಾರ್ ಸೈಮನ್‌ಸನ್ 1989ರಲ್ಲೇ ತೋರಿಸಿದ್ದಾರೆ. ಎಲ್ಲಕ್ಕಿಂತ ಪೂರ್ಣವಾದ ಕೆಲಸ ಮೊದಲು ಬರಲಿ, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂಬುದು ಒಂದೇ ಸಾಲಿನಲ್ಲಿರಲಿ, ಮೊತ್ತ ಕೊನೆಗೆ. ಐದಾರು ಬಗೆ ಕೊಟ್ಟರೆ ‘ಯೋಚಿಸಿ ಹೇಳುತ್ತೇವೆ’ ಎಂದು ಹೋಗುತ್ತಾರೆ. ಮೊಳೆ, ಹಿಡಿಕೆ, ಕೂಲಿ ಎಂದು ಪ್ರತಿಯೊಂದಕ್ಕೂ ಬೇರೆ ಬೆಲೆ ಬರೆದರೆ ಚೌಕಾಶಿಯೂ ಪ್ರತಿ ಸಾಲಿಗೂ ನಡೆಯುತ್ತದೆ. ನಡುವಿನದನ್ನು ಮಾರಲೆಂದೇ ನಿಮ್ಮಿಂದಾಗದ ಕೆಲಸವನ್ನು ಮೇಲೆ ಬರೆಯಬೇಡಿ. ಯಾರೋ ಒಬ್ಬರು ಅದನ್ನೇ ಕೇಳುತ್ತಾರೆ.

ಒಂಬತ್ತರಲ್ಲಿ ಮುಗಿಯುವ ಬೆಲೆ ಕಣ್ಕಟ್ಟು ಎಂದು ಮೂಗು ಮುರಿಯುವವರಿದ್ದಾರೆ. ಆಂಡರ್ಸನ್ ಮತ್ತು ಸಿಮೆಸ್ಟರ್ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಚೆ ಮೂಲಕ ಮಾರುವ ಉಡುಪೊಂದಕ್ಕೆ 34, 39, 44 ಡಾಲರ್ ಎಂದು ಬೇರೆ ಬೇರೆ ಕ್ಯಾಟಲಾಗುಗಳಲ್ಲಿ ಅಚ್ಚು ಹಾಕಿದಾಗ ಅತಿ ಹೆಚ್ಚು ಮಾರಾಟವಾದದ್ದು 39ಕ್ಕೆ; ಅಗ್ಗದ 34ಕ್ಕಲ್ಲ. ಪರಿಣಾಮ ಹೊಸ ವಸ್ತುಗಳಲ್ಲಿ ಹೆಚ್ಚಿತ್ತು, ‘ಸೇಲ್’ ಎಂದು ಹಾಕಿದ ಕಡೆ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಂದೂ ಮಾರದ ಬೆಲೆಯನ್ನು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ‘ರಿಯಾಯಿತಿ’ ಬರೆಯುವುದು ಪ್ರದರ್ಶನವಲ್ಲ, ಸುಳ್ಳು. ಅದಕ್ಕೆ ಗಿರಾಕಿ ಒಗ್ಗಿಹೋದರೆ ಮಾರುವವರೂ ಬಿಡಿಸಿಕೊಳ್ಳಲಾರರು. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳು 2012ರಲ್ಲಿ ಕೂಪನ್, ಸೇಲ್ ಎಲ್ಲ ಕೈಬಿಟ್ಟು ನೇರ ಬೆಲೆ ಹಾಕಿದವು. ಕ್ರಮ ಪ್ರಾಮಾಣಿಕವೇ. ಆದರೆ ವರ್ಷಗಳಿಂದ ಕೂಪನ್ ಹಿಡಿದು ಬರುತ್ತಿದ್ದ ಜನರಿಗೆ ಯಾವುದಕ್ಕೆ ಹೋಲಿಸಿ ಇದು ಅಗ್ಗ ಎಂದು ತಿಳಿಯಲಿಲ್ಲ. ಆ ಒಂದೇ ವರ್ಷದಲ್ಲಿ ಮಾರಾಟ ಸುಮಾರು ಕಾಲು ಭಾಗ ಕುಸಿದು, 2013ರ ಏಪ್ರಿಲ್‌ನಲ್ಲಿ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು, ಸೇಲ್ ಬೋರ್ಡುಗಳು ಮರಳಿದವು. ಗಿರಾಕಿಯ ಕಷ್ಟ ನೋಡಿ ಬೆಲೆ ಏರಿಸುವುದೂ ಹೀಗೇ ತಿರುಗುಬಾಣ. ಹಿಮ ಬಿದ್ದ ಮರುದಿನ ಹಿಮ ಎತ್ತುವ ಸಲಿಕೆಯ ಬೆಲೆಯನ್ನು 15ರಿಂದ 20 ಡಾಲರಿಗೆ ಏರಿಸಿದರೆ ಹೇಗೆ ಎಂದು ಕಾನ್ಮನ್, ನೆಚ್, ಥೇಲರ್ 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕೇಳಿದಾಗ ಶೇ 82 ಜನ ಅನ್ಯಾಯ ಎಂದರು.

ಬದಲಾವಣೆ ಫಲಿಸಿತೋ ಇಲ್ಲವೋ ಎಂದು ತಿಳಿಯಲು ನೋಟ್‌ಬುಕ್ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಳಕು, ಜಾಗ, ಬೆಲೆಚೀಟಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯದು. ಎರಡು ವಾರ ಹಳೆಯ ಜೋಡಣೆ, ಎರಡು ವಾರ ಹೊಸದು, ಮತ್ತೆ ಎರಡು ವಾರ ಹಳೆಯದು. ಹಬ್ಬ, ಸಂಬಳದ ದಿನ ಬಂದರೆ ಪಕ್ಕದಲ್ಲಿ ಗುರುತು ಹಾಕಿ. ದಿನಕ್ಕೆ ನಾಲ್ಕು ಎಣಿಕೆ: ನಿಂತು ನೋಡಿದವರು, ಬೆಲೆ ಕೇಳಿದವರು, ಕೊಂಡವರು, ವಾಪಸ್ ತಂದವರು. ಕೊಂಡವರು ಹೆಚ್ಚಿ ವಾಪಸಾತಿಯೂ ಜೊತೆಗೇ ಏರಿದರೆ ಪ್ರದರ್ಶನ ವಸ್ತುವಿಗಿಂತ ಮುಂದೆ ಹೋಗಿದೆ ಎಂದರ್ಥ. ಫೋಟೊ ಅಥವಾ ಬೆಳಕನ್ನು ವಸ್ತು ಇದ್ದಂತೆಯೇ ಕಾಣುವಷ್ಟಕ್ಕೆ ತಗ್ಗಿಸಿ. ಬೆಲೆ ಕೇಳಿ ಹೊರಟವರೇ ಹೆಚ್ಚಾದರೆ ಪಕ್ಕದ ವಸ್ತುವನ್ನು ಬದಲಿಸಿ ಇನ್ನೆರಡು ವಾರ ನೋಡಿ. ರಿಯಾಯಿತಿ ಬೋರ್ಡಿನ ಮಾತು ಆಮೇಲೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ