ಅಣ್ಣನ ಕೆಮ್ಮಿಗೆ ಡಬ್ಲಿನ್‌ನಿಂದ ಒಂದು ಕಾಗದ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅವ್ವನ ಮಂಡಿನೋವು ಕಡಿಮೆಯಾಗಿದೆ ಅಂತ ಅತ್ತಿಗೆ ಹೇಳಿದರು, ಸಮಾಧಾನವಾಯಿತು. ಈ ಕಾಗದ ಮಾತ್ರ ನಿನಗೆ. ಫೋನಿನಲ್ಲಿ ನಿನ್ನ ಕೆಮ್ಮು, ಕುಡಿತದ ವಿಷಯ ತೆಗೆದರೆ ಸಾಕು, ನೀನು ಕಬ್ಬಿನ ಕಟಾವು, ನಾಲೆ ನೀರು ಅಂತ ಮಾತು ತಿರುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದು.

ನಿನ್ನ ಕೆಮ್ಮು ಆಲೆಮನೆ ಹೊಗೆಯದ್ದು ಅಂತ ಅತ್ತಿಗೆ ನಂಬಿದ್ದಾರೆ. ಇರಬಹುದು. ಆದರೆ ಆಲೆಮನೆ ನಿಂತ ಮೇಲೂ ಕೆಮ್ಮು ನಿಂತಿಲ್ಲವಲ್ಲ. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೋಟರ್ ಸುಟ್ಟ ಕತೆ ಹೇಳುತ್ತಾ ಹೇಳುತ್ತಾ ಅರ್ಧ ಮಾತಿಗೇ ನಿಲ್ಲಿಸಿ ಉಸಿರು ಎಳೆದುಕೊಂಡೆ. ಭುಜ ಎರಡೂ ಮೇಲೆದ್ದವು, ಕತ್ತಿನ ನರ ಬಿಗಿದವು. ಆಮೇಲೆ ಫೋನನ್ನು ಆ ಕಡೆ ತಿರುಗಿಸಿ ಕೆಮ್ಮಿ, ಟವೆಲಿಗೆ ಉಗಿದೆ. ನಾನು ಶ್ವಾಸಕೋಶದ ವಾರ್ಡಿನ ನರ್ಸು, ಅಣ್ಣ. ಅಂಥ ಉಸಿರು ನನಗೆ ದಿನಾ ಕಾಣುತ್ತದೆ.

"ಲಿವರ್ ಟೆಸ್ಟ್ ನಾರ್ಮಲ್ ಬಂದಿದೆ, ಕುಡಿತದಿಂದ ನನಗೇನೂ ಆಗಿಲ್ಲ" ಅಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಟ್ಟಿಲ್ಲ. ಊರಲ್ಲಿ ಕುಡಿತ ಕೆಡಿಸುವುದು ಲಿವರನ್ನು ಮಾತ್ರ ಅಂತ ಎಲ್ಲರ ಲೆಕ್ಕ. ಲಿವರ್ ಚೆನ್ನಾಗಿರುವಾಗಲೇ ಶ್ವಾಸಕೋಶ ತನ್ನನ್ನು ಕಾಯ್ದುಕೊಳ್ಳುವ ಶಕ್ತಿ ಕಳೆದುಕೊಂಡಿರಬಹುದು.

ಉಸಿರಿನ ಕೊಳವೆಯ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ಕ್ರಿಮಿ ಅಂಟಿದ ಕಫವನ್ನು ಅವು ಎಡೆಬಿಡದೆ ಮೇಲಕ್ಕೆ ತಳ್ಳುತ್ತಿರುತ್ತವೆ. ದಿನಾ ಜಾಸ್ತಿ ಕುಡಿದರೆ ಅವು ಮಂದವಾಗುತ್ತವೆ. ಹೂಳೆತ್ತದ ನಾಲೆಯ ಹಾಗೆ ಕಫ ಅಲ್ಲೇ ಕಟ್ಟಿಕೊಳ್ಳುತ್ತದೆ. ಇನ್ನೂ ಒಳಗೆ, ಗಾಳಿಚೀಲಗಳಲ್ಲಿ, ಬಂದ ಕ್ರಿಮಿಯನ್ನು ಹಿಡಿದು ನುಂಗುವ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳಿವೆ. ಅವುಗಳನ್ನು ಕಾಪಾಡುವ ಗ್ಲುಟಾಥಯಾನ್ ಅನ್ನುವ ವಸ್ತು ವಿಪರೀತ ಕುಡಿಯುವವರ ಶ್ವಾಸಕೋಶದಲ್ಲಿ ತುಂಬಾ ಕಡಿಮೆಯಾಗುತ್ತದೆ. ಆಗ ಅವು ಇದ್ದೂ ಸರಿಯಾಗಿ ನುಂಗಲಾರವು. ರಕ್ತದಿಂದ ನೆರವಿಗೆ ಬರಬೇಕಾದ ಬಿಳಿಕಣಗಳೂ ತಡ ಮಾಡುತ್ತವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ನೀನು ಕುಡಿದು ಮಲಗುವ ರಾತ್ರಿಗಳದ್ದು. ಎಚ್ಚರವಿದ್ದಾಗ ಒಂದು ಗುಟುಕು ನೀರು ನೆತ್ತಿಗೇರಿದರೂ ಕೆಮ್ಮಿ ಕೆಮ್ಮಿ ಹೊರಹಾಕುತ್ತೇವೆ. ಜಾಸ್ತಿ ಅಮಲಿನಲ್ಲಿ ಆ ಕೆಮ್ಮು ಸರಿಯಾಗಿ ಹುಟ್ಟುವುದಿಲ್ಲ. ಎಂಜಲು, ಹೊಟ್ಟೆಯಿಂದ ಮೇಲೆ ಬಂದ ಹುಳಿನೀರು, ಬಾಯಿಯ ಕ್ರಿಮಿಗಳ ಸಮೇತ ಶ್ವಾಸಕೋಶಕ್ಕೆ ಇಳಿದುಬಿಡುತ್ತವೆ. ಹಾಗಾಗಿ ನ್ಯುಮೋನಿಯಾ ಆಗಿ ಬಂದವರನ್ನು ಇಲ್ಲಿ ನೋಡುತ್ತೇನೆ. ಎಕ್ಸ್‌ರೇಯಲ್ಲಿ ಕಪ್ಪಗಿರಬೇಕಾದ ಕಡೆ ಬೆಳ್ಳಗೆ, ಹೆಚ್ಚಾಗಿ ಬಲಗಡೆ ಕೆಳಗೆ. ನಳಿಕೆ ಇಳಿಸಿ ಕಫ ಎಳೆದರೆ ಗಟ್ಟಿಯಾದ, ನಾರುವ ಹಸಿರು ಕಫ. ಹಾಸಿಗೆಯಲ್ಲಿ ಎದ್ದು ಕೂತು, ಎರಡು ಕೈಯನ್ನೂ ಮಂಡಿಯ ಮೇಲೆ ಊರಿಕೊಂಡು ಉಸಿರಿಗೆ ಒದ್ದಾಡುತ್ತಾರೆ. ನಿನ್ನ ಹಾಗೇ ಮೈಮುರಿದು ದುಡಿಯುವ ಗಟ್ಟಿ ಆಳುಗಳು.

ಬ್ರಾಂದಿಗೆ ಮೆಣಸಿನಪುಡಿ ಹಾಕಿ ಕುಡಿದರೆ ಕಫ ಕರಗುತ್ತದೆ ಅನ್ನುವುದನ್ನು ದಯವಿಟ್ಟು ನಂಬಬೇಡ. ರಕ್ತ ಚರ್ಮದ ಕಡೆ ಹರಿದು ಮೈ ಬೆಚ್ಚಗಾದಂತೆ ಅನಿಸುತ್ತದೆ ಅಷ್ಟೇ, ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ.

ದಿನಕ್ಕೆ ಒಂದೇ ಕ್ವಾರ್ಟರ್ ಅನ್ನುತ್ತೀಯ. ಬಾಟಲಿ ಮೇಲೆ ಶೇ. 42.8 ಅಂತ ಬರೆದಿರುತ್ತದೆ ನೋಡು. ಆ ಲೆಕ್ಕಕ್ಕೆ 180 ಮಿ.ಲೀ.ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ 40 ಗ್ರಾಂ ದಾಟಿ ಕುಡಿಯುವವರಿಗೆ ಟಿ.ಬಿ. ಬರುವ ಸಂಭವ ಸುಮಾರು ಮೂರು ಪಟ್ಟು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಲೇಬೇಕು. ನಿನ್ನದು ಎಂದೋ ದಾಟಿದೆ. ಟಿ.ಬಿ. ಅಂದರೆ ಜನ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಗೆ ಇರುವುದು ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಅವರನ್ನು ಬಲಿ ತೆಗೆದುಕೊಂಡದ್ದೂ ಇದೇ ಕಾಯಿಲೆ. ಅರಮನೆಯನ್ನೇ ಬಿಡದ ರೋಗ ಅದು, ಆಗ ಔಷಧಿಯೂ ಇರಲಿಲ್ಲ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎಲ್ಲ ಉಚಿತ, ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಆ ಮಾತ್ರೆ ನುಂಗುತ್ತಾ ಕುಡಿದರೆ ಮಾತ್ರ ನೀನು ನಂಬಿಕೊಂಡಿರುವ ಆ ಲಿವರೇ ಕೆಡಬಹುದು.

ಈಗ ಹೇಳುವುದನ್ನು ಅತ್ತಿಗೆಗೂ ಓದಿ ಹೇಳು. ಈ ಕಾಗದ ಓದಿದ ಬೇಜಾರಿಗೆ ಇವತ್ತೇ ಬಿಟ್ಟೆ ಅಂತ ಮನೆಯಲ್ಲಿ ಕೂತುಬಿಡಬೇಡ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯರ ವಿಭಾಗಕ್ಕೆ ಹೋಗಿ ದಿನಕ್ಕೆ ಎಷ್ಟು ಕುಡಿಯುತ್ತೀಯ ಅಂತ ನಿಜ ಹೇಳು. ಮಾತ್ರೆ, ಥಯಾಮಿನ್ ಅನ್ನುವ ವಿಟಮಿನ್ ಕೊಟ್ಟು ನೋಡಿಕೊಂಡು ಬಿಡಿಸುತ್ತಾರೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆಯೂ ಅಲ್ಲೇ ಕೇಳು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು, ಅತ್ತಿಗೆ ಜೊತೆಗೆ ಬರಲಿ. ಎದ್ದ ತಕ್ಷಣ ಬರುವ ಕಫ ಪರೀಕ್ಷೆಗೆ ಒಳ್ಳೆಯದು, ಡಬ್ಬಿ ಅವರೇ ಕೊಡುತ್ತಾರೆ. ಅಷ್ಟರೊಳಗೆ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ಕೂತಲ್ಲೇ ಉಸಿರು ಕಟ್ಟಿದರೆ ಸೋಮವಾರಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ. ಎಕ್ಸ್‌ರೇ ಫೋಟೋ ತೆಗೆದು ವಾಟ್ಸಾಪ್ ಮಾಡು. ಆ ದಿನ ನಾನು ರಜೆ ಹಾಕಿದ್ದೇನೆ, ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಎತ್ತುತ್ತೇನೆ.

ಇಂತಿ,
ನಿನ್ನ ತಂಗಿ