ಮಡಿಕೇರಿಯವರಿಗೂ ಡೆಟ್ರಾಯಿಟ್ ಹುಡುಗರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ಊರುಗೋಲು ಬಿಟ್ಟು ನಡೆಯುತ್ತಿದ್ದೇನೆ. ಹೆಚ್ಚೂ ಕಡಿಮೆ ಅದೇ ಹೊತ್ತಿಗೆ, ನಾನು ಮಲಗಿದ್ದಲ್ಲೇ ನೋಡಿದ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಡೆಟ್ರಾಯಿಟ್ ಪಿಸ್ಟನ್ಸ್‌ನ 2024-25ರ ಸೀಸನ್ ಕೂಡ ಮುಗಿಯಿತು. ಕಾಲು ಮುರಿದಾಗಿನಿಂದ ನನ್ನ ಜೊತೆ ನಿಂತವರು ತುಂಬಾ ಜನ. ಒಬ್ಬೊಬ್ಬರ ಮನೆಗೂ ಬಂದು ಹೇಳಬೇಕು ಅಂತ ಆಸೆ. ಆದರೆ ನಮ್ಮ ಮಡಿಕೇರಿಯ ಮೆಟ್ಟಿಲುಗಳು ನಿಮಗೆ ಗೊತ್ತಲ್ಲ, ಇನ್ನೂ ಕಷ್ಟ. ಹಾಗಾಗಿ ಇಲ್ಲೇ ಹೇಳುತ್ತೇನೆ. ನಡುವೆ ಪಿಸ್ಟನ್ಸ್ ಬಗ್ಗೆ ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ಆ ತಂಡವನ್ನು ಬಿಟ್ಟು ನನ್ನ ಈ ತಿಂಗಳುಗಳ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ಮೊದಲ ಧನ್ಯವಾದ ತೋಟದ ಕೆಲಸಗಾರರು ಇರುವ ನಮ್ಮ ಲೈನ್ ಮನೆಯ ಅಕ್ಕಂದಿರಿಗೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗಿತ್ತು. ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದೆ, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಹಣ್ಣು ಕೊಯ್ಯುತ್ತಿದ್ದವರು ಚೀಲ ಅಲ್ಲೇ ಬಿಟ್ಟು ನನ್ನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಕೊಯ್ದಷ್ಟಕ್ಕೆ ಕೂಲಿ ಸಿಗುವ ದಿನಗಳು ಅವು. ಅರ್ಧ ದಿನದ ದುಡಿಮೆ ನನಗಾಗಿ ಹೋಯಿತು, ಆದರೆ ಒಬ್ಬರೂ ಆ ಮಾತು ಎತ್ತಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಅಲ್ಲಿ ರಾತ್ರಿ ಪಾಳಿಯ ನರ್ಸ್‌ಗಳಿಗೂ, ಆಮೇಲೆ ಮನೆಗೇ ಬಂದು ಕಾಲು ಮಡಚಿಸಿದ ಫಿಸಿಯೋಥೆರಪಿಸ್ಟ್ ಮೇಡಂಗೂ ನಾನು ಋಣಿ.

ಇನ್ನು ಆಟದ ವಿಷಯ. ನಾನು ಸಂಜೆ ಹೊತ್ತು ಶಾಲೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹಾಕಿ ಅಂದರೆ ಪ್ರಾಣ ಬಿಡುವ ಜಿಲ್ಲೆಯಲ್ಲಿ ಬಾಸ್ಕೆಟ್‌ಬಾಲ್‌ಗೆ ಮಕ್ಕಳನ್ನು ಕರೆತರುವುದು ಸುಲಭವಲ್ಲ. ದೊಡ್ಡ ಮಕ್ಕಳು ಕಾಲೇಜಿಗೆ ಅಂತ ಮೈಸೂರು, ಮಂಗಳೂರು ಸೇರಿದ ಮೇಲೆ ಉಳಿದವರೆಲ್ಲ ಚಿಕ್ಕವರು. ತಂಡವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಿತ್ತು. ಅಷ್ಟರಲ್ಲಿ ನಾನು ಮಂಚ ಹಿಡಿದೆ.

ಆಗಲೇ ಚಿಕ್ಕಪ್ಪನ ಮಗ ಫೋನ್ ತಂದುಕೊಟ್ಟು, 'ಅಕ್ಕ, ಈ ತಂಡ ನೋಡು, ನಮ್ಮ ಹಾಗೇ ಇದೆ' ಅಂದ. ಆ ತಂಡವೇ ಪಿಸ್ಟನ್ಸ್. 1989, 1990 ಮತ್ತು 2004ರಲ್ಲಿ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದಿದ್ದ ತಂಡ. ಆದರೆ 2023-24ರಲ್ಲಿ ಅದು ಸತತವಾಗಿ 28 ಪಂದ್ಯ ಸೋತಿತ್ತು. ಒಂದೇ ಸೀಸನ್ನಿನಲ್ಲಿ ಸತತ ಸೋಲಿನ ಹೊಸ ದಾಖಲೆ ಅದು. ಡಿಸೆಂಬರ್ 30ರಂದು ಟೊರಾಂಟೊ ಮೇಲೆ 129-127ರಲ್ಲಿ ಗೆದ್ದಾಗಲೇ ಉಸಿರು ಬಂದದ್ದು. ಕೊನೆಗೆ 82 ಪಂದ್ಯಗಳಲ್ಲಿ 14 ಗೆಲುವು, 68 ಸೋಲು.

ಸೋತ ತಂಡಕ್ಕೆ ಮುಂದಿನ ವರ್ಷ ಒಳ್ಳೆಯ ಹೊಸ ಆಟಗಾರ ಸಿಗುತ್ತಾನೆ, ಅದೇ ಅಲ್ಲಿನ ಡ್ರಾಫ್ಟ್ ಪದ್ಧತಿ, ಅಂತ ನಾವು ಕೇಳಿರುತ್ತೇವೆ. ಅದೂ ಗ್ಯಾರಂಟಿ ಇಲ್ಲ. ಮೊದಲ ಆಯ್ಕೆಗೆ ಲಾಟರಿ ಎತ್ತುತ್ತಾರೆ. ಆ ವರ್ಷಗಳಲ್ಲಿ ತೀರಾ ಕೆಳಗಿದ್ದ ಮೂರು ತಂಡಗಳಿಗೂ ತಲಾ ಶೇ 14 ಅವಕಾಶ ಮಾತ್ರ ಇತ್ತು. ಪಿಸ್ಟನ್ಸ್ ಎರಡು ವರ್ಷ ಸಾಲಾಗಿ ಎಲ್ಲರಿಗಿಂತ ಕೆಳಗಿತ್ತು, ಎರಡು ಸಲವೂ ಐದನೇ ಆಯ್ಕೆಗೆ ಜಾರಿತು. 2023ರಲ್ಲಿ ಎಲ್ಲರೂ ಬಯಸಿದ್ದ ಫ್ರಾನ್ಸ್‌ನ ಎತ್ತರದ ಹುಡುಗ ವೆಂಬನ್ಯಾಮಾ ಸ್ಯಾನ್ ಆಂಟೋನಿಯೊ ತಂಡದ ಪಾಲಾದ. ಬರೀ ಸೋಲುತ್ತಾ ಕಾದರೆ ತಂಡ ತಾನಾಗಿ ಬೆಳೆಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹುಡುಗರಲ್ಲಿ ಮಾತ್ರ ಕೊರತೆ ಇರಲಿಲ್ಲ. 2021ರ ಮೊದಲ ಆಯ್ಕೆ ಕೇಡ್ ಕನ್ನಿಂಗ್‌ಹ್ಯಾಮ್ ಇದ್ದ. 2022ರಲ್ಲಿ ಬಂದ ಜೇಡನ್ ಐವಿ, ಜೇಲೆನ್ ಡ್ಯೂರೆನ್ ಇದ್ದರು. ಓಸಾರ್ ಥಾಂಪ್ಸನ್ 2023ರವನು, ರಾನ್ ಹಾಲೆಂಡ್ 2024ರವನು. ಇಲ್ಲದಿದ್ದದ್ದು ಅವರ ಪಕ್ಕದಲ್ಲಿ ನಿಲ್ಲುವ ಹಿರಿಯರು. 2024ರ ಬೇಸಿಗೆಯಲ್ಲಿ ಟ್ರೇಜನ್ ಲ್ಯಾಂಗ್ಡನ್ ತಂಡದ ಉಸ್ತುವಾರಿ ವಹಿಸಿಕೊಂಡರು. ಕ್ಲೀವ್‌ಲ್ಯಾಂಡ್ ತಂಡ ಕೆಲಸದಿಂದ ತೆಗೆದಿದ್ದ ಜೆ.ಬಿ. ಬಿಕರ್‌ಸ್ಟಾಫ್ ಕೋಚ್ ಆಗಿ ಬಂದರು. ದೊಡ್ಡ ಸ್ಟಾರ್‌ಗಳ ಹಿಂದೆ ಹೋಗಲಿಲ್ಲ. ಟೋಬಿಯಾಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಬಂದರು. ಫೆಬ್ರವರಿಯಲ್ಲಿ ಡೆನಿಸ್ ಶ್ರೂಡರ್ ಸೇರಿಕೊಂಡರು. ಬೀಸ್ಲಿ ಒಬ್ಬರೇ ಸೀಸನ್ನಿನಲ್ಲಿ 319 ತ್ರೀ ಪಾಯಿಂಟರ್ (ದೂರದಿಂದ ಹಾಕುವ, ಮೂರು ಪಾಯಿಂಟಿನ ಬುಟ್ಟಿ) ಹಾಕಿದರು. ದೂರದಿಂದ ಹಾಕುವವರು ಸುತ್ತ ನಿಂತರೆ ಎದುರಾಳಿ ಅವರನ್ನು ಬಿಟ್ಟು ಒಳಗೆ ಬರುವ ಹಾಗಿಲ್ಲ. ಕೇಡ್‌ಗೆ ಒಳನುಗ್ಗಲು ಜಾಗ ಸಿಕ್ಕಿತು. ಪಂದ್ಯಕ್ಕೆ ಸರಾಸರಿ 26.1 ಪಾಯಿಂಟ್, 9.1 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್). ಮೊದಲ ಸಲ ಆಲ್-ಸ್ಟಾರ್ ಆದ, ಅಂದರೆ ಲೀಗಿನ ಆಯ್ದ ಉತ್ತಮ ಆಟಗಾರರ ಸಾಲಿಗೆ ಸೇರಿದ.

ಈ ಏಪ್ರಿಲ್‌ನಲ್ಲಿ ನಮ್ಮ ಮಡಿಕೇರಿಯಲ್ಲೇ ಮುದ್ದಂಡ ಕಪ್ (2025) ನಡೆಯಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬ ಹಾಕಿ ಹಬ್ಬದ 25ನೇ ಆವೃತ್ತಿ. ಗೆಳತಿಯರು ಕಾರಿನಲ್ಲಿ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದರು. ಅವರಿಗೂ ಥ್ಯಾಂಕ್ಸ್. ಒಂದೇ ಮನೆಯ ಅಜ್ಜ, ಸೊಸೆ, ಮೊಮ್ಮಗ ಒಂದೇ ಜೆರ್ಸಿಯಲ್ಲಿ ಇಳಿಯುವುದನ್ನು ಅಲ್ಲಿ ನೀವೂ ನೋಡಿದ್ದೀರಿ. ಅಜ್ಜ ಓಡುವುದಿಲ್ಲ. ನಿಂತಲ್ಲೇ ಚೆಂಡು ತಡೆದು ಮೊಮ್ಮಗನಿಗೆ ತಳ್ಳುತ್ತಾರೆ, ಎಲ್ಲಿ ನಿಲ್ಲಬೇಕು ಅಂತ ಕೂಗಿ ಹೇಳುತ್ತಾರೆ. ಹ್ಯಾರಿಸ್ ಈ ವರ್ಷ ಪಿಸ್ಟನ್ಸ್‌ನಲ್ಲಿ ಮಾಡಿದ ಕೆಲಸ ನನ್ನ ಕಣ್ಣಿಗೆ ಅದೇ. ಹುಡುಗರ ಕೈಯಿಂದ ಆಟ ಕಿತ್ತುಕೊಳ್ಳಲಿಲ್ಲ. ಅವರು ಎಡವಿದಲ್ಲಿ ಪಕ್ಕದಲ್ಲಿದ್ದರು.

ನಮ್ಮ ಮಕ್ಕಳಿಗೆ ಹಾಗೆ ಸಿಕ್ಕವರು ನಮ್ಮ ಸುಬೇದಾರ್ ಮಾವ. ಸೈನ್ಯದಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿದವರು, ರಿಟೈರ್ ಆಗಿ ತೋಟ ನೋಡಿಕೊಂಡಿದ್ದರು. ನಾನು ಬಿದ್ದ ಸುದ್ದಿ ಕೇಳಿ, ಯಾರೂ ಕೇಳದೆಯೇ ಕೋರ್ಟಿಗೆ ಹೋದರು. ಕೊಯ್ಲು, ಒಣಗಿಸುವ ಕಣ, ಆಮೇಲೆ ಮೆಣಸಿನ ಕೆಲಸ ಎಲ್ಲ ಇತ್ತು ಅವರಿಗೆ. ಆದರೂ ಸಂಜೆ ತಪ್ಪಿಸಲಿಲ್ಲ. ನನ್ನ ಡ್ರಿಲ್‌ಗಳನ್ನು ಬದಲಾಯಿಸಲಿಲ್ಲ. ರಾತ್ರಿ ಫೋನ್ ಮಾಡಿ 'ನಾಳೆ ಏನು ಮಾಡಿಸಲಿ, ಹೇಳು ಮಗಳೇ' ಅಂತ ಕೇಳುತ್ತಿದ್ದರು. ಡಿಫೆನ್ಸ್‌ನಲ್ಲಿ ಕಾಲು ಹೇಗೆ ಸರಿಸಬೇಕು ಅನ್ನುವುದು ಮಾತ್ರ ಅವರದೇ ಪಾಠ. ಅದು ನಮ್ಮ ಮಕ್ಕಳಿಗೆ ಈಗ ನನಗಿಂತ ಚೆನ್ನಾಗಿ ಬರುತ್ತದೆ. ಮಾವ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನೀವಿಲ್ಲದಿದ್ದರೆ ಈ ತಂಡ ಡಿಸೆಂಬರ್‌ಗೇ ಚದುರಿ ಹೋಗುತ್ತಿತ್ತು.

ಜನವರಿ 1ರ ಪಂದ್ಯ ನನಗೆ ಮರೆಯುವುದಿಲ್ಲ. ಒರ್ಲ್ಯಾಂಡೊ ವಿರುದ್ಧ ಆಡುವಾಗ ಐವಿಯ ಎಡಗಾಲಿನ ಮೂಳೆ ಮುರಿಯಿತು. ಅವನು ಆ ಹೊತ್ತಿಗೆ ಪಂದ್ಯಕ್ಕೆ 17.6 ಪಾಯಿಂಟ್ ಹಾಕುತ್ತಿದ್ದ, ದೂರದ ಹೊಡೆತವೂ ಕೂತಿತ್ತು. ನಮ್ಮಲ್ಲಿ ಆಗ ಜನವರಿ 2ರ ಬೆಳಗು. ಸ್ಟ್ರೆಚರ್ ಮೇಲೆ ಅವನನ್ನು ಒಯ್ಯುವುದು ನೋಡಿ ನಾನು ಅತ್ತುಬಿಟ್ಟೆ. ದೊಡ್ಡವ್ವ ಅಡುಗೆಮನೆಯಿಂದ ಓಡಿ ಬಂದರು. ವಿಷಯ ಗೊತ್ತಾದ ಮೇಲೆ ಸುಮ್ನೆ ಪಕ್ಕದಲ್ಲಿ ಕೂತು, 'ಆ ಹುಡುಗನೂ ನಡೆಯುತ್ತಾನೆ, ನೀನೂ ನಡೆಯುತ್ತೀ' ಅಂದರು. ಆಮೇಲೆ ಬಿಸಿ ಅಕ್ಕಿ ರೊಟ್ಟಿ ತಂದುಕೊಟ್ಟರು. ದೊಡ್ಡವ್ವ, ಆ ದಿನ ನೀವು ಹೇಳಿದ ಮಾತನ್ನು ಹಿಡಿದುಕೊಂಡೇ ನಾನು ಫಿಸಿಯೋಥೆರಪಿ ಮುಗಿಸಿದೆ. ಓಸಾರ್ ಥಾಂಪ್ಸನ್ ಕೂಡ ಧೈರ್ಯ ಕೊಟ್ಟವನು. ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ ಹಿಂದಿನ ಮಾರ್ಚ್‌ನಲ್ಲಿ ಆಟ ನಿಲ್ಲಿಸಿದ್ದವನು ನವೆಂಬರ್‌ನಲ್ಲಿ ಕೋರ್ಟಿಗೆ ಮರಳಿದ್ದ.

ಐವಿ ಗಾಯಗೊಂಡು ಹೊರಗುಳಿದ ಮೇಲೂ ತಂಡ ಕುಸಿಯಲಿಲ್ಲ. 44 ಗೆಲುವು, 38 ಸೋಲು. ಹಿಂದಿನ ವರ್ಷದ ಮೂರು ಪಟ್ಟಿಗಿಂತ ಜಾಸ್ತಿ. ಪೂರ್ವ ವಿಭಾಗದಲ್ಲಿ ಆರನೇ ಸ್ಥಾನ, 2019ರ ನಂತರ ಮೊದಲ ಸಲ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ. ಎದುರಾಳಿ ನ್ಯೂಯಾರ್ಕ್ ನಿಕ್ಸ್.

ಆ ಆರು ಪಂದ್ಯಗಳಿಗೆ ನಮ್ಮ ಮನೆ ತುಂಬಿತ್ತು. ಏಪ್ರಿಲ್ ಮಳೆಗೆ ಕರೆಂಟ್ ಹೋಗುತ್ತದೆ ಅಂತ ಪಕ್ಕದ ಮನೆ ಅಣ್ಣ ತಮ್ಮ ಇನ್ವರ್ಟರ್‌ನಿಂದ ವೈರ್ ಎಳೆದು ಕೊಟ್ಟಿದ್ದರು. ಹೆಚ್ಚಿನ ಪಂದ್ಯಗಳಿಗೆ ಬೆಳಗಿನ ಜಾವವೇ ಮಕ್ಕಳು ಟಾರ್ಚ್ ಹಿಡಿದು ಬರುತ್ತಿದ್ದರು, ಅವರ ಅಪ್ಪ ಅಮ್ಮಂದಿರೂ ಜೊತೆಗೆ. ಎರಡನೇ ಪಂದ್ಯವನ್ನು ನ್ಯೂಯಾರ್ಕ್‌ನಲ್ಲೇ 100-94ರಲ್ಲಿ ಗೆದ್ದರು. ಪ್ಲೇಆಫ್‌ನಲ್ಲಿ 2008ರ ನಂತರ ಪಿಸ್ಟನ್ಸ್ ಗೆದ್ದ ಮೊದಲ ಪಂದ್ಯ, ನಡುವೆ ಸತತ 15 ಸೋಲು. ಆ ಬೆಳಿಗ್ಗೆ ನಮ್ಮ ಮನೆಯ ಗಲಾಟೆಗೆ ಬೈಯದೆ ಇದ್ದ ಅಕ್ಕಪಕ್ಕದವರಿಗೂ ಥ್ಯಾಂಕ್ಸ್.

ಸರಣಿ 4-2ರಲ್ಲಿ ಹೋಯಿತು. ಸೋಲನ್ನು ಸ್ವಲ್ಪ ಬಿಡಿಸಿ ನೋಡಿ. ತವರಿನಲ್ಲಿ ಆಡಿದ ಮೂರೂ ಪಂದ್ಯ ಸೋತರು, ಆದರೆ 118-116, 94-93, 116-113. ಮೂರೂ ಸೇರಿ ಅಂತರ ಆರೇ ಪಾಯಿಂಟ್. ನಾಲ್ಕನೇ ಪಂದ್ಯದ ಕೊನೆಯ ಕ್ಷಣದಲ್ಲಿ ಹಾರ್ಡವೇ ಮೇಲೆ ಫೌಲ್ ಆಗಿತ್ತು, ಅದನ್ನು ಕೊಡಬೇಕಿತ್ತು ಅಂತ ರೆಫರಿಗಳೇ ಆಮೇಲೆ ಒಪ್ಪಿಕೊಂಡರು. ಮಕ್ಕಳಿಗೆ ತುಂಬಾ ಸಿಟ್ಟು ಬಂದಿತ್ತು. ಆದರೆ ಆರನೇ ಪಂದ್ಯ ಹೋದದ್ದು ರೆಫರಿಯಿಂದಲ್ಲ. 4.3 ಸೆಕೆಂಡ್ ಉಳಿದಿದ್ದಾಗ ಜೇಲೆನ್ ಬ್ರನ್ಸನ್ ತ್ರೀ ಪಾಯಿಂಟರ್ ಹಾಕಿದ. ಅದಕ್ಕೆ ಉತ್ತರವಾಗಿ ಪಿಸ್ಟನ್ಸ್‌ಗೆ ಒಂದು ಶಾಟ್ ಕೂಡ ತೆಗೆಯಲು ಆಗಲಿಲ್ಲ. ಕೊನೆಯ ಎರಡು ನಿಮಿಷ ಚೆಂಡನ್ನು ಹೇಗೆ ಕಾಪಾಡಬೇಕು ಅನ್ನುವುದನ್ನು ಈ ತಂಡ ಇನ್ನೂ ಕಲಿಯಬೇಕು. ಕೇಡ್ ಪಂದ್ಯಕ್ಕೆ ಸರಾಸರಿ 4.4 ಸಲ ಚೆಂಡು ಕಳೆದುಕೊಂಡಿದ್ದಾನೆ. ಅದು ಜಾಸ್ತಿಯೇ. ಓಸಾರ್, ಹಾಲೆಂಡ್ ಇಬ್ಬರಿಗೂ ದೂರದ ಹೊಡೆತ ಇನ್ನೂ ಬಂದಿಲ್ಲ.

ಹಾಗಾದರೆ 2025ರ ಈ ಸೋಲಿನ ಮೇಲೆ ಮುಂದೇನು? ಈಗಲೇ ಹುಡುಗರನ್ನು ಕೊಟ್ಟು ದೊಡ್ಡ ಹೆಸರೊಂದನ್ನು ತರಬೇಕು ಅನ್ನುವವರಿದ್ದಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆ ಇಲ್ಲ. ಕೇಡ್‌ಗೆ ಈ ಸೀಸನ್ ಮುಗಿದಾಗ ಇನ್ನೂ 23. ಡ್ಯೂರೆನ್‌ಗೆ 21, ಈ ಸೀಸನ್ನಿನಲ್ಲಿ ಆಗಲೇ ಪಂದ್ಯಕ್ಕೆ ಹತ್ತಕ್ಕಿಂತ ಜಾಸ್ತಿ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿದ. ಐವಿ ಮತ್ತು ಕೇಡ್ ಈ ಹೊಸ ರೀತಿಯ ಆಟದಲ್ಲಿ ಪೂರ್ತಿ ಸೀಸನ್ ಜೊತೆಯಾಗಿ ಆಡಿದ್ದನ್ನು ನಾವು ನೋಡೇ ಇಲ್ಲ. ನೋಡದೆ ಯಾಕೆ ಕೈಬಿಡಬೇಕು? ನನ್ನ ಚಿಂತೆ ಬೇರೆ. ಬೀಸ್ಲಿಯದು 2024-25ಕ್ಕೆ ಮಾತ್ರ ಆಗಿದ್ದ ಒಂದು ವರ್ಷದ ಒಪ್ಪಂದ. ಹಾರ್ಡವೇ, ಶ್ರೂಡರ್ ಅವರದ್ದೂ 2025ರ ಬೇಸಿಗೆಗೇ ಮುಗಿಯುವಂಥದ್ದು. ಈ ಹಿರಿಯರು ಒಟ್ಟಿಗೆ ಹೊರಟರೆ ಹುಡುಗರ ಸುತ್ತಲಿನ ಜಾಗ ಮತ್ತೆ ಕಿರಿದಾಗುತ್ತದೆ. ಬೇಸಿಗೆಯಲ್ಲಿ ತಂಡದವರು ಮೊದಲು ಮಾಡಬೇಕಾದ ಕೆಲಸ ಇದು. ಗೆಲುವಿನ ಸಂಖ್ಯೆ 2025-26ರಲ್ಲಿ 44ರಿಂದ ತುಂಬಾ ಮೇಲೆ ಹೋಗದಿದ್ದರೂ ನನಗೆ ಬೇಸರವಿಲ್ಲ. ಪ್ಲೇಆಫ್‌ನಲ್ಲಿ ಒಂದು ಸರಣಿ, ಅದರಲ್ಲೂ ತವರಿನಲ್ಲಿ ಒಂದು ಪಂದ್ಯ ಗೆಲ್ಲಲಿ.

ನಮ್ಮ ತಂಡದ ಮಕ್ಕಳಿಗೆ ಕೊನೆಯದಾಗಿ ಬರೆಯುತ್ತಿದ್ದೇನೆ. ನಾನಿಲ್ಲದಾಗ ನೀವು ಸೋತ ಪಂದ್ಯಗಳ ಸ್ಕೋರ್ ಕೂಡ ಮರೆಮಾಚದೆ ಬಂದು ಹೇಳಿದಿರಿ. ಯಾರು ಚೆನ್ನಾಗಿ ಪಾಸ್ ಕೊಟ್ಟರು, ಯಾರು ಅತ್ತರು, ಯಾರು ಅವರ ಬ್ಯಾಗ್ ಹೊತ್ತರು, ಎಲ್ಲ ಹೇಳಿದಿರಿ. ಮಂಚದ ಪಕ್ಕದ ಗೋಡೆಗೆ ನೀವು ಅಂಟಿಸಿದ ಚಾರ್ಟ್ ಹಾಗೇ ಇದೆ. ಥ್ಯಾಂಕ್ಸ್ ಮಕ್ಕಳೇ. ಜೂನ್ ಮಳೆ ಹಿಡಿಯುವ ಮೊದಲು ಕೋರ್ಟಿನ ಬೋರ್ಡ್‌ಗೆ ಬಣ್ಣ ಹೊಡೆಯಬೇಕು, ಎರಡು ರಿಂಗ್‌ಗೂ ಬಲೆ ಹಾಕಬೇಕು. ಬಣ್ಣ ಕೊಡುತ್ತೇನೆ ಅಂತ ಪೇಟೆಯ ಹಾರ್ಡ್‌ವೇರ್ ಅಂಗಡಿಯ ಅಣ್ಣ ಒಪ್ಪಿದ್ದಾರೆ, ಅವರಿಗೂ ಮುಂಚಿತವಾಗಿ ಧನ್ಯವಾದ. ಶನಿವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಸುಬೇದಾರ್ ಮಾವ ಇರುತ್ತಾರೆ, ನಾನೂ ಇರುತ್ತೇನೆ.